ಹಿಂದಿನ ಸೀಟು

ಕೊನೆಯ ಉಸುಕಿನ ಚೀಲ ರೆಕ್ಕೆಯ ಮೇಲೆ ಕೂತಾಗ, ಚಪ್ಪಾಳೆ ಏಳುವ ಮೊದಲು, ಗುರುನಾಥನಿಗೆ ಒಂದು ಸದ್ದು ಕೇಳಿಸಿತು. ದೊಡ್ಡ ಸದ್ದಲ್ಲ. ಯಾರೋ ಬೆರಳ ನೆಟಿಗೆ ಮುರಿದಷ್ಟೇ. ಎಲ್ಲಿಂದ ಬಂತೆಂದು ತಲೆಯೆತ್ತುವಷ್ಟರಲ್ಲಿ ಸಾಂಗಲಿಯ ಸಕ್ಕರೆ ಕಾರಖಾನೆಯ ಆ ಉದ್ದನೆಯ ಗೋದಾಮು ಚಪ್ಪಾಳೆಯಿಂದ ತುಂಬಿಹೋಗಿ, ತಗಡಿನ ಮಾಡಿನಲ್ಲಿ ಕೂತಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು, ಕೇಳಿಸಿದ್ದು ನಿಜವಾಗಿ ಕೇಳಿಸಿತೋ ಇಲ್ಲವೋ ಎಂಬುದೇ ಕಲಸಿಹೋಯಿತು. ರೆಕ್ಕೆಯೇನೂ ಮುರಿದಿರಲಿಲ್ಲ. ಕಬ್ಬಿಣದ ಚೌಕಟ್ಟಿಗೆ ಬೋರಲಾಗಿ ಬಿಗಿದಿದ್ದ ಆ ಮರದ ರೆಕ್ಕೆ, ಬುಡದಿಂದ ತುದಿಯವರೆಗೆ ಹೇರಿದ ಚೀಲಗಳ ಭಾರಕ್ಕೆ ಬಾಗಿ, ಹಣ್ಣು ತುಂಬಿದ ಟೊಂಗೆಯ ಹಾಗೆ ತುದಿಯನ್ನು ನೆಲದ ಹತ್ತಿರ ತಂದುಕೊಂಡು ನಿಂತೇ ಇತ್ತು. ಕಾರಖಾನೆಯ ಚೇರಮನ್ ಬಾಪೂಸಾಹೇಬರು ಮುಂದೆ ಬಂದು ಮೊದಲು ರೆಕ್ಕೆಯ ಬುಡಕ್ಕೆ, ಆಮೇಲೆ ಅವನ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದರು. "ಶಾಬಾಸ್, ಮಾಸ್ತರ!" ಅವನು ನಕ್ಕ. ಮುಖವೆಲ್ಲ ನಕ್ಕರೂ ಕಿವಿಯೊಂದು ನಗಲಿಲ್ಲ. ಅದು ಇನ್ನೂ ಆ ಸದ್ದಿನ ಹತ್ತಿರವೇ ಕೂತಿತ್ತು.

ಬೆಳಿಗ್ಗೆ ಉಸುಕಿನ ಚೀಲ ಹೊರಲು ಬಂದಿದ್ದ ಹೆಂಗಸರಲ್ಲಿ ಕೆಂಪವ್ವ ಎಂಬಾಕೆ, ರೆಕ್ಕೆಯ ನುಣುಪಾದ ಮೈಮೇಲೆ ಕೈಯಾಡಿಸಿ, "ಯಪ್ಪಾ, ಇಷ್ಟ ಚಂದ ಮಾಡಿ ಇದನ್ನ ಮುರ್ಯಾಕ ಹೊಂಟೀರೇನ್ರಿ?" ಎಂದು ಕೇಳಿದ್ದಳು. ಅವನು ತಾಳ್ಮೆಯಿಂದ ಹೇಳಿದ್ದ: ಮೇಲೆ ಹಾರುವಾಗ ಗಾಳಿ ಕೆಳಗಿನಿಂದ ರೆಕ್ಕೆಯನ್ನು ಎತ್ತುತ್ತದೆ, ಅದಕ್ಕೇ ಇಲ್ಲಿ ಅದನ್ನು ಬೋರಲು ಹಾಕಿ ಭಾರ ಹೇರುವುದು, ಹಾರುವ ಎರಡು ರೆಕ್ಕೆ ಬೇರೆಯೇ ಇವೆ, ಮಿರಜೆಯ ಕಾರ್ಯಶಾಲೆಯಲ್ಲಿ, ಇದು ಅವುಗಳಂತೆಯೇ ಮಾಡಿದ ಮೂರನೆಯದು, ಬರೀ ಪರೀಕ್ಷೆಗೆ. "ಇದು ತಡೀತಂದ್ರ ಅವೂ ತಡೀತಾವ. ತಡೀಲಿಲ್ಲಂದ್ರ ಇಲ್ಲೇ ಮುರೀಲಿ, ಮ್ಯಾಲೆ ಮುರ್ಯೂದು ಬ್ಯಾಡ." ಕೆಂಪವ್ವ ಸೆರಗಿಗೆ ಕೈ ಒರೆಸಿಕೊಂಡು, "ಹಂಗಾರ ಇದು ಸಾಯಾಕ ಹುಟ್ಟಿದ್ದು ಅನ್ರಿ" ಎಂದು ಮುಂದಿನ ಚೀಲಕ್ಕೆ ಹೋದಳು. ಸಕ್ಕರೆಯ ಮುದ್ರೆಯಿದ್ದ ಖಾಲಿ ಚೀಲಗಳಲ್ಲಿ ಕೃಷ್ಣೆಯ ಉಸುಕು ಅರ್ಧರ್ಧ ತುಂಬಿಸಿ ಇಟ್ಟಿತ್ತು. ಒಂದೊಂದು ಚೀಲ ಸುಣ್ಣದ ಗುರುತಿನ ಮೇಲೆ ಇಳಿದಾಗಲೂ ರೆಕ್ಕೆಯ ತುದಿ ಒಂದಿಷ್ಟು ಕೆಳಗೆ ಬರುತ್ತಿತ್ತು.

ಅವನು ಸಾಂಗಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಮಾಸ್ತರ. ಮನೆ ಮಿರಜೆಯಲ್ಲಿ, ಬೀದಿಯಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಸೀಸದ ಕಡ್ಡಿ ಹಿಡಿದರೆ ಅವನ ಕೈಯಲ್ಲಿ ಸಂಶಯವೆಂಬುದೇ ಇರುತ್ತಿರಲಿಲ್ಲ. ಮುಂದೊಬ್ಬ ಹಿಂದೊಬ್ಬ ಕೂರುವ, ಇಂಜಿನ್ನಿಲ್ಲದ, ಪೂರ್ತಿ ಮರದಲ್ಲೇ ಮಾಡಬಹುದಾದ ಒಂದು ಗ್ಲೈಡರನ್ನು ಅವನು ಮೊದಲು ಬರೆದದ್ದು ಯಾರೂ ಕೇಳದೆಯೇ, ಬರೆಯುವುದರ ಸುಖಕ್ಕೆ. ಅದು ಬಾಪೂಸಾಹೇಬರ ಕಣ್ಣಿಗೆ ಬಿದ್ದದ್ದೇ ಕತೆ ಬೇರೆಯಾಯಿತು. ಸಕ್ಕರೆ ಕಾರಖಾನೆ ಆಯಿತು, ನೂಲಿನ ಗಿರಣಿ ಆಯಿತು, ಶಾಲೆ ಆಯಿತು. ಇನ್ನು ಕಬ್ಬು ಬೆಳೆಯುವವರ ಮಕ್ಕಳು ಹಾರಬೇಕು ಎಂದು ಅವರು ವಾರ್ಷಿಕ ಸಭೆಯಲ್ಲಿ ಮೇಜು ಗುದ್ದಿ ಹೇಳಿದರು. ಆಗ ಸಮಡೋಳಿಯ ಮುದುಕ ಸಭಾಸದನೊಬ್ಬ ಎದ್ದು, ತಲೆಯ ಮೇಲಿನ ಪಟಗವನ್ನು ಸರಿಮಾಡಿಕೊಂಡು, ಒಂದೇ ಮಾತು ಕೇಳಿದ: "ಬಿದ್ದರೆ?" ಸಭೆ ಗುರುನಾಥನ ಕಡೆ ತಿರುಗಿತು. "ಮೊದಲನೇ ಸಲ ಇಬ್ಬರು ಹಾರೂ ದಿವಸ ಹಿಂದಿನ ಸೀಟಿನ್ಯಾಗ ನಾನೇ ಕುಂದರ್ತೀನಿ" ಎಂದು ಅವನ ಬಾಯಿ ಹೇಳಿಬಿಟ್ಟಿತು. ಮೈಯನ್ನು ಒಂದು ಮಾತು ಕೇಳದೆ ಬಾಯಿ ಹೇಳಿದ್ದು ಅದು. ಅಂದೂ ಹೀಗೆಯೇ ಚಪ್ಪಾಳೆ ಬಿದ್ದಿತ್ತು. ಆ ಚಪ್ಪಾಳೆಯ ಒಳಗೆ ನಿಂತಾಗ ಅವನಿಗೆ ಮಿರಜೆ ಸ್ಟೇಷನ್ನಿನ ಮೇಲ್ಸೇತುವೆ ನೆನಪಾಗಿತ್ತು. ಅದರ ಮೇಲೆ ಅವನು ಸದಾ ನಟ್ಟನಡುವೆ ನಡೆಯುತ್ತಿದ್ದ. ಹೆಂಡತಿ ಜೊತೆಗಿದ್ದರೆ ಅವಳ ಮೊಳಕೈ ಹಿಡಿಯುತ್ತಿದ್ದ, ಅವಳನ್ನು ಕಾಯುವವನ ಹಾಗೆ. ಕೆಳಗೆ ಹಳಿಗಳು ಹೊಳೆಯುತ್ತಿದ್ದರೆ ಅಂಗಾಲುಗಳಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಇಂಥವನು ಹಾರುವ ವಸ್ತುವನ್ನು ಹೇಗೆ ಬರೆದ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಸರಳವಿತ್ತು: ಕಾಗದದ ಮೇಲೆ ಎತ್ತರವಿರುವುದಿಲ್ಲ.

ಚೀಲಗಳನ್ನು ಇಳಿಸಿದರು. ಭಾರ ಹಗುರಾದಂತೆ ರೆಕ್ಕೆ ಮೆಲ್ಲಗೆ ಮೇಲೆದ್ದು ಮೊದಲಿನ ಜಾಗಕ್ಕೇ ಬಂದು ನಿಂತಿತು. ನೋಡಿದವರು ಮತ್ತೆ ಹೋ ಎಂದರು. ಪೇಢೆ ಹಂಚಿದರು, ಚಹಾ ಬಂತು. ಗುರುನಾಥ ಬಟ್ಟಲು ಹಿಡಿದುಕೊಂಡು ಬಡಗಿ ಆದಪ್ಪನ ಹತ್ತಿರ ಹೋದ. ಸಲಗರೆಯಿಂದ ಬಂದು ಮಿರಜೆಯಲ್ಲಿ ನೆಲೆನಿಂತ ಆದಪ್ಪ ಮೂರೂ ರೆಕ್ಕೆಗಳ ಪ್ರತಿಯೊಂದು ಪಟ್ಟಿಯನ್ನೂ ತನ್ನ ಕೈಯಿಂದಲೇ ಕೂಡಿಸಿದವನು. "ಕಡೀ ಚೀಲ ಇಟ್ಟಾಗ ಏನರ ಕೇಳಿಸ್ತೇನು, ಆದಪ್ಪ?" ಆದಪ್ಪ ಪೇಢೆ ಅಗಿಯುವುದನ್ನು ನಿಲ್ಲಿಸಿದ. "ಏನ್ ಕೇಳಸ್ಬೇಕ್ರಿ? ನಮ್ಮ ಅಂಟ ಬಿಡಾಂಗಿಲ್ಲ." ಅಂಟಿನ ಮಾತನ್ನು ಗುರುನಾಥ ಎತ್ತಿಯೇ ಇರಲಿಲ್ಲ. ಗ್ಲೈಡರು ಹಾರಿಸುವ ರಾವಸಾಬನನ್ನು ಕೇಳಿದ. ಪುಣೆಯಲ್ಲಿ ಹಾರಲು ಕಲಿತು ಬಂದ, ಯಾವಾಗಲೂ ಹಸನ್ಮುಖಿಯಾದ ಆ ರೈತರ ಹುಡುಗ, "ನನಗ ಬರೇ ಬಾಪೂಸಾಹೇಬರ ದನೀ ಕೇಳಿಸ್ತರಿ ಮಾಸ್ತರ" ಎಂದು ನಕ್ಕ. ಕೊನೆಗೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಹೆಂಡತಿ ನರ್ಮದಾಳ ಬಳಿ ಹೋಗಿ ಬಗ್ಗಿ ಕೇಳಿದ. ಅವಳು ಅವನ ಮುಖವನ್ನು ನೋಡಿ ದನಿ ತಗ್ಗಿಸಿದಳು. "ಮನ್ಯಾಗ ಕೇಳಿಸ್ತದಲ್ಲರಿ ತೊಲಿ ಸಪ್ಪಳ, ಹಂಗೇನು?"

ಅವಳು ಚುಚ್ಚಲಿಕ್ಕೆಂದು ಹೇಳಿದ್ದಲ್ಲ. ಕೊಯನಾ ಭೂಕಂಪವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಬೆಳಗಿನ ಜಾವ ಮನೆಯ ಗೋಡೆಗಳೆಲ್ಲ ನಡುಗಿ, ನರ್ಮದಾ ಮಗಳು ಕುಸುಮಳನ್ನು ಎತ್ತಿಕೊಂಡು ಓಣಿಗೆ ಓಡಿದಾಗ ಗುರುನಾಥ ಅವಳಿಗಿಂತ ಮೊದಲೇ ಓಣಿಯಲ್ಲಿದ್ದ. ಆ ಬಗ್ಗೆ ಅವಳು ಎಂದೂ ಒಂದು ಮಾತು ಆಡಿರಲಿಲ್ಲ. ಅಂದಿನಿಂದ ಅವನಿಗೆ ಮಾಡಿನ ತೊಲೆಗಳು ಬಿರಿಯುವುದು ಕೇಳಿಸುತ್ತಿತ್ತು. ಉಣ್ಣುತ್ತ ಕೂತಾಗ ತುತ್ತು ಕೈಯಲ್ಲೇ ಹಿಡಿದು ಕಿವಿಗೊಡುತ್ತಿದ್ದ, ಏಣಿ ಹಾಕಿಸಿ ಆದಪ್ಪನಿಂದ ಎಲ್ಲ ತೊಲೆಗಳನ್ನೂ ಬಡಿಸಿ ನೋಡಿಸಿದ್ದ. ಎಲ್ಲವೂ ಗಟ್ಟಿಯಿದ್ದವು. ಹಾಗಾದರೆ ಇದೂ ಅದೇ ಇರಬೇಕು. ಇಷ್ಟು ಜನರಲ್ಲಿ ಒಬ್ಬರಿಗೂ ಕೇಳಿಸದ್ದು ಅವನಿಗೊಬ್ಬನಿಗೆ ಕೇಳಿಸಿದ್ದಾದರೂ ಯಾಕೆ? ಹಿಂದಿನ ಸೀಟಿನಲ್ಲಿ ಕೂರಬೇಕಾದವನೂ ಅವನೊಬ್ಬನೇ ಎಂಬುದಕ್ಕೋ? ಕೇಳಿಸಿದ್ದು ಮರದ ಸದ್ದೋ, ಇಲ್ಲಾ ತನ್ನ ಅಂಜಿಕೆಯೇ ಮರದ ದನಿಯಲ್ಲಿ ಮಾತಾಡಿತೋ? ಚಹಾ ತಣ್ಣಗಾಯಿತು. ಅವನು ಹಾರವನ್ನು ಕೊರಳಿಂದ ತೆಗೆದ. ಎಲ್ಲಿಡಬೇಕೆಂದು ತಿಳಿಯದೆ ಉಸುಕಿನ ಚೀಲದ ಮೇಲಿಟ್ಟ. ಮುಂದಿನ ವಾರ ರಾವಸಾಬ ಹಾರುವವನಿದ್ದ. ಮೊದಲು ಒಬ್ಬನೇ, ಆಮೇಲೆ ಇಬ್ಬರು. ರಾವಸಾಬನಿಗೆ ಆರು ತಿಂಗಳ ಹಿಂದೆ ಮದುವೆಯಾಗಿತ್ತು.

"ರೆಕ್ಕಿ ಕೊಯ್ದು ನೋಡಬೇಕು" ಎಂದು ಅವನು ಅಂದಾಗ ಅದು ತನ್ನ ದನಿಯೇ ಎಂದು ಅವನಿಗೆ ಅನ್ನಿಸಲಿಲ್ಲ. ಬಾಪೂಸಾಹೇಬರು ಪೇಢೆಯ ತಾಟು ಕೆಳಗಿಟ್ಟರು. ಈ ರೆಕ್ಕೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ವಾರ್ಷಿಕ ಸಭೆಯಲ್ಲಿ, ಎಲ್ಲರೂ ನೋಡುವ ಹಾಗೆ ತೂಗುಹಾಕಬೇಕು ಎಂಬುದು ಅವರ ಮನಸ್ಸು. ಸಾಮಾನ್ಯವಾಗಿ ಮರಾಠಿಯಲ್ಲೇ ಮಾತಾಡುವ ಅವರು ಅಕ್ಕರೆ ಉಕ್ಕಿದಾಗ ಇಲ್ಲವೆ ಚುಚ್ಚುವುದಿದ್ದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. "ಕುಂದರಾಕ ಮನಸ್ಸಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ ಮಾಸ್ತರ. ಬಡಪಾಯಿ ರೆಕ್ಕಿ ಯಾಕ ಕೊಲ್ಲತೀರಿ?" ಸುತ್ತಲಿನವರು ನಕ್ಕರು. ಒಳ್ಳೆಯ ನಗುವೇ, ಅದರಲ್ಲಿ ವಿಷವಿರಲಿಲ್ಲ. ಆದರೆ ಆ ಮಾತು ತಾನು ಬಚ್ಚಿಟ್ಟ ಜಾಗಕ್ಕೇ ನೇರವಾಗಿ ಬಂದು ನಾಟಿತಲ್ಲ ಎಂದು ಗುರುನಾಥನ ಕಿವಿ ಬಿಸಿಯಾದವು. "ನನಗ ಸಪ್ಪಳ ಕೇಳಿಸ್ಯದ" ಎಂದ. "ಯಾರಿಗೂ ಕೇಳಿಸಿಲ್ಲಲ್ಲ." "ನನಗ ಕೇಳಿಸ್ಯದ." ಮಾತಿಗೆ ಮಾತು ಬೆಳೆಯುವ ಮೊದಲೇ ಅವನು ಆದಪ್ಪನ ಸಾಮಾನಿನ ಪೆಟ್ಟಿಗೆಯಿಂದ ಸಣ್ಣ ಗರಗಸ ತೆಗೆದು ರೆಕ್ಕೆಯ ಬುಡದ ತೆಳು ಹಲಗೆಯ ಹೊದಿಕೆಗೆ ಹಚ್ಚಿಬಿಟ್ಟ.

ಬುಡದಲ್ಲಿ ಏನೂ ಇರಲಿಲ್ಲ. ಹೊಸ ಮರದ ವಾಸನೆ ಬಂತು, ಅಷ್ಟೇ. ಒಂದು ಗೇಣು ಮುಂದೆ ಹೋಗಿ ಮತ್ತೆ ಕೊಯ್ದ. ಒಳಗಿನ ಪಕ್ಕೆಲುಬುಗಳು ಸಾಲಾಗಿ, ನಿರಪರಾಧಿಗಳ ಹಾಗೆ ನಿಂತಿದ್ದವು. ಗರಗಸ ಜಾರಿ ಹೊದಿಕೆ ಓರೆಕೋರೆಯಾಗಿ ಸೀಳಿತು. ಯಾರೋ ಹಿಂದಿನಿಂದ "ಅರೆರೆ" ಎಂದರು. ಇನ್ನೂ ಮುಂದೆ ಕೊಯ್ದ. ಏನೂ ಇಲ್ಲ. ಬಾಪೂಸಾಹೇಬರು ಗಡಿಯಾರವನ್ನೊಮ್ಮೆ ನೋಡಿಕೊಂಡು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡರು. ಬೆವರು ಕಣ್ಣಿಗಿಳಿದು ಗುರುನಾಥನಿಗೆ ಕೊಯ್ಯುವ ಜಾಗವೇ ಕಾಣದಾಯಿತು. ಆಗ ಆದಪ್ಪ ಬಂದು ಅವನ ಕೈಯಿಂದ ಗರಗಸ ತೆಗೆದುಕೊಂಡ. "ಕೊಡ್ರಿ ಇಲ್ಲೆ. ಕೊಯ್ಯೂದಾದ್ರ ನೆಟ್ಟಗ ಕೊಯ್ಯೋಣು." ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ತಾನು ಸಾಕಿದ ಎಮ್ಮೆಯ ಹೊಟ್ಟೆ ಸೀಳಲು ಹೊರಟವನ ಮುಖ ಅದು. ಅವನು ಹೊದಿಕೆಯನ್ನು ಚೌಕಾಕಾರವಾಗಿ ಬಿಡಿಸಿ ತೆಗೆದ. ರೆಕ್ಕೆಯ ಬೆನ್ನೆಲುಬಿನಂತೆ ಉದ್ದಕ್ಕೂ ಹಾಯ್ದ ಒಳಗಿನ ತೊಲೆ ಕಂಡಿತು. ಬುಡದ ಹತ್ತಿರ ಅದು ಬಲವಾಗಿರಲೆಂದು ಒಂದು ಮರದ ತುಂಡನ್ನು ಒಳಗೆ ಕೂರಿಸಿದ್ದರು. ಆ ತುಂಡು ಮುಗಿಯುವಲ್ಲಿಗೆ ಬಂದಾಗ ಆದಪ್ಪ ಶಾಯಿಯಲ್ಲಿ ಅದ್ದಿದ ಅರಿವೆಯಿಂದ ವಾರ್ನಿಶ್ ಬಳಿದ ಆ ಮರವನ್ನು ಒರೆಸಿದ, ಒಣ ಅರಿವೆಯಿಂದ ಮತ್ತೆ ಒರೆಸಿದ. ಶಾಯಿ ಎಲ್ಲ ಹೋಯಿತು. ಒಂದು ಗೆರೆ ಉಳಿಯಿತು. ತಲೆಗೂದಲಿನಷ್ಟು ಸಣ್ಣ ಗೆರೆ, ತೊಲೆಯ ಅರ್ಧದವರೆಗೆ.

ಗುರುನಾಥ ನಕ್ಕ. ಗಟ್ಟಿಯಾಗಿ, ಬಾಯಿ ತುಂಬ, ತಲೆ ಹಿಂದೆ ಚೆಲ್ಲಿ ನಕ್ಕ. "ಸಿಕ್ತು! ನೋಡ್ರಿ, ಸಿಕ್ತು! ಅದ, ಅದ!" ಎಂದು ಬಾಪೂಸಾಹೇಬರ ತೋಳು ಹಿಡಿದು ಎಳೆದು ತಂದು ಬಗ್ಗಿಸಿ ತೋರಿಸಿದ. ಎದೆಯ ಮೇಲಿನಿಂದ ಒಂದು ಮಣಭಾರ ಇಳಿದ ಹಾಗಾಗಿತ್ತು. ನಾನು ಹೇಡಿಯಲ್ಲ, ನಾನು ಹೇಡಿಯಲ್ಲ ಎಂದು ಅವನ ರಕ್ತವೇ ಕುಣಿಯುತ್ತಿತ್ತು. ಆಮೇಲೆ ಸುತ್ತ ಯಾರೂ ನಗುತ್ತಿಲ್ಲ ಎಂಬುದು ಗೊತ್ತಾಯಿತು. ಹೆಂಗಸರ ಸಾಲಿನಲ್ಲಿ ನರ್ಮದಾ ಎದ್ದು ನಿಂತಿದ್ದಳು. ರಾವಸಾಬನ ಮುಖದ ನಗು ಆರಿ, ಅವನು ಆ ಗೆರೆಯನ್ನೇ ನೋಡುತ್ತಿದ್ದ, ತನ್ನ ಹೆಸರು ಬರೆದದ್ದನ್ನು ಓದುವವನ ಹಾಗೆ. ಆದಪ್ಪ ಅರಿವೆಯನ್ನು ಮಡಚುತ್ತ ಕೇಳಿದ. "ಅಂಟ ಬಿಟ್ಟೈತೇನ್ರಿ?"

"ಇಲ್ಲ, ಆದಪ್ಪ. ಅಂಟು ಗಟ್ಟಿ ಅದ." ಗುರುನಾಥನಿಗೆ ಆಗ ತನ್ನ ಡ್ರಾಯಿಂಗಿನ ಆ ಮೂಲೆ ಕಣ್ಣ ಮುಂದೆ ಬಂತು. ಆ ತುಂಡು ಎತ್ತಿನ ಕೋಡಿನ ಹಾಗೆ ಬರಬರುತ್ತ ಸಣ್ಣಗಾಗಿ ಮುಗಿಯಬೇಕಿತ್ತು; ಅವನು ಅದನ್ನು ಬೆಲ್ಲದ ಅಚ್ಚಿನ ಹಾಗೆ ನೆಟ್ಟಗೆ ಕಡಿದು ನಿಲ್ಲಿಸಿದ್ದ. ಭಾರವೆಲ್ಲ ಆ ಅಂಚಿನಲ್ಲೇ ಬಂದು ಕೂತಿತ್ತು. ಅವನ ಕೈಯೇ ಎಳೆದ ಗೆರೆ. ಕಾಗದದ ಮೇಲೆ ಅದು ಎಷ್ಟು ಚೊಕ್ಕಟವಾಗಿ ಕಂಡಿತ್ತು! "ತಪ್ಪು ನಂದು. ನಾ ಬರದದ್ದ ತಪ್ಪದ."

"ಹಂಗಾರ ಯಾಕ ನಕ್ರಿ?" ಎಂದ ಆದಪ್ಪ.

ಸಾಂಗಲಿಯಿಂದ ಮಿರಜೆಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಬಿಸಿಲು ಓರೆಯಾಗಿ ಬಂದು, ಆ ಗೆರೆಯನ್ನು ಸವರಿ ನೋಡಿದ ಅವನ ಬೆರಳುಗಳ ಮೇಲಿನ ಶಾಯಿಯ ಕಲೆಗಳನ್ನು ತೋರಿಸುತ್ತಿತ್ತು. ತಾನು ಮಾಡಿದ್ದು ಸರಿಯೇ. ರಾವಸಾಬನ ಜೀವ ಉಳಿಯಿತು, ಬಾಪೂಸಾಹೇಬರೂ ಹೊರಡುವಾಗ ಬೆನ್ನು ತಟ್ಟಿದ್ದರು. ಆದರೂ ಬಾಯಲ್ಲಿ ಯಾಕೆ ತುಕ್ಕಿನ ರುಚಿ? ಬಿರುಕು ಸಿಗದಿರಲಿ, ರೆಕ್ಕೆ ಗಟ್ಟಿಯಿರಲಿ ಎಂದು ತಾನು ಒಂದು ಕ್ಷಣವಾದರೂ ಬಯಸಿದ್ದೆನೇ? ಅಷ್ಟು ಕೈಗಳು ವರ್ಷಗಟ್ಟಲೆ ಉಜ್ಜಿ ನುಣುಪು ಮಾಡಿದ್ದು ಒಡೆದಿರಲಿ, ಒಡೆದೇ ಇರಲಿ ಎಂದು ದೇವರಲ್ಲಿ ಬೇಡಿಕೊಂಡಿದ್ದೆನಲ್ಲ, ಆ ಗರಗಸ ಹಿಡಿದಷ್ಟು ಹೊತ್ತೂ. ನರ್ಮದಾ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಕುಸುಮ ಹುಟ್ಟಿದಾಗೂ ನೀವು ಇಷ್ಟು ನಕ್ಕಿದ್ದಿಲ್ಲರಿ." ಅದರಲ್ಲಿ ದೂರು ಇದ್ದಂತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವಳ ಸ್ವಭಾವ. ಅವನು ಶಾಯಿಯ ಕಲೆಗಳನ್ನು ಉಜ್ಜತೊಡಗಿದ.

ಮಳೆಗಾಲವೆಲ್ಲ ಮಿರಜೆಯ ಕಾರ್ಯಶಾಲೆಯಲ್ಲಿ ಕಳೆಯಿತು. ಹಾರಬೇಕಾದ ಎರಡೂ ರೆಕ್ಕೆಗಳನ್ನು ಬಿಚ್ಚಿ, ಒಳಗಿನ ತುಂಡುಗಳನ್ನು ತೆಗೆದು, ಬರಬರುತ್ತ ಸಣ್ಣಗಾಗುವ ಹೊಸ ತುಂಡುಗಳನ್ನು ಕೂರಿಸಿದರು. ಪರೀಕ್ಷೆಗೆ ಇನ್ನೊಂದು ರೆಕ್ಕೆ ಮಾಡಿದರು. ಆದಪ್ಪ ಕೆಲಸದಲ್ಲಿ ಒಂದು ಕೂದಲಿನಷ್ಟೂ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಕಡಿಮೆ ಮಾಡಿದ. ಮೊದಲು ಮಾಸ್ತರನ ಹತ್ತಿರ ಮಳೆ, ಬೆಳೆ, ಸಲಗರೆಯ ಜಗಳ ಎಲ್ಲ ಹೇಳುತ್ತಿದ್ದವನು ಈಗ "ಹೂಂರಿ", "ಆತರಿ" ಅಷ್ಟರಲ್ಲೇ ಮುಗಿಸುತ್ತಿದ್ದ. ಬಿಚ್ಚಿದ ರೆಕ್ಕೆಗಳ ಹಲಗೆಯ ಮೇಲಿನ ಬಟ್ಟೆಯ ಹೊದಿಕೆ ಹರಿದಿದ್ದರಿಂದ ನರ್ಮದಾ ಮನೆಯ ಹೊಲಿಗೆ ಯಂತ್ರದ ಮುಂದೆ ಮತ್ತೆ ಕೂತಳು. ಮೊದಲ ಹೊದಿಕೆಯನ್ನೂ ಅವಳೇ ಹೊಲಿದಿದ್ದಳು. ಪಡಸಾಲೆಯ ಉದ್ದಕ್ಕೂ ಬಿಳಿ ಬಟ್ಟೆ ಹರಡಿ, ಹೊರಗೆ ಮಳೆ ಹೊಯ್ಯುತ್ತ, ಒಳಗೆ ಯಂತ್ರ ಓಡುತ್ತ ಇರುವಾಗ ಗುರುನಾಥ ಒಳಗೆ ಬಂದರೆ ಬಟ್ಟೆ ತುಳಿಯದ ಹಾಗೆ ಗೋಡೆ ಹಿಡಿದು ನಡೆಯಬೇಕಾಗುತ್ತಿತ್ತು. ಅವಳು ಏನು ಯೋಚಿಸುತ್ತಿದ್ದಳೋ ಅವನು ಕೇಳಲಿಲ್ಲ. ನವರಾತ್ರಿಯ ಹೊತ್ತಿಗೆ ಎರಡನೆಯ ಪರೀಕ್ಷೆಯಾಯಿತು. ಈ ಸಲ ಚಪ್ಪಾಳೆ ಬೇಡವೆಂದು ಅವನು ಮೊದಲೇ ಕೈಮುಗಿದು ಕೇಳಿಕೊಂಡಿದ್ದ. ಬೇಕಾದ ಭಾರವೆಲ್ಲ ಹೇರಿದರೂ ರೆಕ್ಕೆ ಉಸಿರೆತ್ತಲಿಲ್ಲ. ಕೊಯ್ದು ನೋಡಿದರು, ಎಲ್ಲೂ ಗೆರೆಯಿಲ್ಲ.

ಚಳಿಗಾಲದಲ್ಲಿ ಸಲಗರೆಯ ಹೊರಗಿನ ಬಟಾಬಯಲು ಮಾಳದ ಮೇಲೆ ರಾವಸಾಬ ಒಬ್ಬನೇ ಹಲವು ಸಲ ಹಾರಿದ. ಹಿಂದಿನ ಸೀಟಿನಲ್ಲಿ ಒಮ್ಮೆ ಏನೂ ಇಲ್ಲದೆ, ಒಮ್ಮೆ ಉಸುಕಿನ ಚೀಲ ಕಟ್ಟಿಕೊಂಡು. ಹಳೆಯ ಟ್ರಕ್ಕಿನ ಇಂಜಿನ್ನು ದೂರದಿಂದ ಹಗ್ಗ ಸುತ್ತಿ ಎಳೆದರೆ ಗ್ಲೈಡರು ಗಾಳಿಪಟದಂತೆ ಏರುತ್ತಿತ್ತು, ಹಗ್ಗ ಕಳಚಿ ಬೀಳುತ್ತಿತ್ತು, ಆಮೇಲೆ ಆಕಾಶದಲ್ಲಿ ಸದ್ದೇ ಇರುತ್ತಿರಲಿಲ್ಲ. ಗುರುನಾಥ ಪ್ರತಿ ಸಲವೂ ಕೆಳಗೆ ನಿಂತು ನೋಡಿದ. ಪ್ರತಿ ಸಲವೂ ಅದು ಸುಖವಾಗಿ ಇಳಿಯಿತು. ಇನ್ನುಳಿದದ್ದು ಇಬ್ಬರು ಹಾರುವ ದಿನ.

ಆ ದಿನ ಮಾಳದಲ್ಲಿ ಸುತ್ತಲಿನ ಊರುಗಳ ಜನವೆಲ್ಲ ಸೇರಿತ್ತು. ಸಮಡೋಳಿಯ ಆ ಮುದುಕನೂ ಬಂದು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ. ಗುರುನಾಥ ಹೊಸ ಅಂಗಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ನಡೆದು ಬಂದು ಹಿಂದಿನ ಸೀಟಿನಲ್ಲಿ ಕೂತ. ತಾನು ಅಳತೆ ಹಾಕಿದ ಜಾಗ. ಮೊಣಕಾಲಿಗೆ ಎಷ್ಟು, ಭುಜಕ್ಕೆ ಎಷ್ಟು ಎಂದು ತಾನೇ ಬರೆದದ್ದು. ಪಟ್ಟಿ ಬಿಗಿದರು. ಮುಂದೆ ರಾವಸಾಬನ ಕ್ಷೌರ ಮಾಡಿದ ಹೆಡಕು, ಅದರಾಚೆ ಉದ್ದಕ್ಕೂ ಬಿದ್ದ ಹಗ್ಗ, ಅದರಾಚೆ ಬರೀ ಆಕಾಶ. ಅವನು ಕಿವಿಗೊಟ್ಟ. ಮರದಿಂದ ಒಂದು ಸಣ್ಣ ಸದ್ದೂ ಬರಲಿಲ್ಲ. ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಈ ರೆಕ್ಕೆಗಳು ಗಟ್ಟಿಯಿವೆ, ಈ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ತನಗೆ ಗೊತ್ತು. ಗೊತ್ತಿದ್ದೂ ಅಂಗಾಲಿನಿಂದ ಹತ್ತಿದ ತಣ್ಣನೆಯದು ಮೊಣಕಾಲು ದಾಟಿ ತೊಡೆಗೆ ಬಂತು. ಆಗ ಅವನಿಗೆ ಒಂದು ಮಾತು ಬಹಳ ಸ್ಪಷ್ಟವಾಗಿ ತಿಳಿಯಿತು: ಅಂದಿನ ಬಿರುಕೂ ನಿಜ, ಅಂಜಿಕೆಯೂ ನಿಜ, ಒಂದು ಇದ್ದದ್ದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಅಂದು ನಕ್ಕದ್ದು ದಂಡ.

"ತಯಾರೇನ್ರಿ ಮಾಸ್ತರ?" ಎಂದ ರಾವಸಾಬ, ತಿರುಗದೆ.

"ತಡೀ, ರಾವಸಾಬ. ಇಳೀತೀನಿ."

ಪಟ್ಟಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಸಮಡೋಳಿಯ ಮುದುಕ ಮರ್ಯಾದೆಯಿಂದ ಬೇರೆ ಕಡೆ ಮುಖ ತಿರುಗಿಸಿದ. ಕಾಲು ನೆಲಕ್ಕೆ ತಾಗಿದಾಗ ಅವನು ರೆಕ್ಕೆಯನ್ನೇ ಹಿಡಿದು ನಿಂತ. ಎದುರಿನಿಂದ ನರ್ಮದಾ ಬರುತ್ತಿದ್ದಳು. ಅವಳು ಅವನ ಹತ್ತಿರ ನಿಲ್ಲಲಿಲ್ಲ. ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಗಿಸಿಕೊಳ್ಳುತ್ತ, "ರಾವಸಾಬ, ನಾ ಬರ್ತೀನಿ. ನನ್ನ ಕರಕೊಂಡ ಹೋಗ್ರಿ" ಎಂದಳು.

"ವಹಿನಿ, ಇದು ಆಟ ಅಲ್ಲ" ಎಂದು ಬಾಪೂಸಾಹೇಬರು ಅವಳನ್ನು ಮರಾಠಿಯಲ್ಲಿ ಅತ್ತಿಗೆಯೆಂದು ಕರೆದು ತಡೆದರು.

"ಗೊತ್ತದರಿ ಸಾಹೇಬ. ಇದರ ಅರಿವಿ ಹೊಲದಾಕಿ ನಾನು."

ರಾವಸಾಬ ಕತ್ತು ಹೊರಳಿಸಿ ಗುರುನಾಥನನ್ನು ನೋಡಿದ. "ಭಾರ ಹೊಂದತೈತೇನ್ರಿ ಮಾಸ್ತರ?" ಎಲ್ಲರೂ ಅವನ ಕಡೆ ತಿರುಗಿದರು. ಇಲ್ಲ ಎನ್ನಬಹುದಿತ್ತು. ಭಾರ ಸಾಲದು, ಲೆಕ್ಕ ತಪ್ಪುತ್ತದೆ ಎಂದರೆ ಅಲ್ಲಿ ನಿಂತವರಲ್ಲಿ ಒಬ್ಬನೂ ಎದುರಾಡುತ್ತಿರಲಿಲ್ಲ. ಅವಳೂ ಹಿಂದೆ ಸರಿಯುತ್ತಿದ್ದಳು, ಅವನ ಅಂಜಿಕೆಗೆ ಒಂದು ಹೊದಿಕೆಯೂ ಸಿಗುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. "ಹೊಂದತದ" ಎಂದ. "ಹಿಂದ ಯಾರು ಕುಂತರೂ ತೂಕ ತಪ್ಪೂದಿಲ್ಲ. ಹಂಗ ಮಾಡೀನಿ."

ಆದಪ್ಪ ಅವಳ ಪಟ್ಟಿಗಳನ್ನು ಬಿಗಿದು, ಎರಡು ಸಲ ಎಳೆದು ನೋಡಿದ. ರಾವಸಾಬ ತನ್ನ ಮಫ್ಲರ್ ಕೊಟ್ಟ; ಅವಳು ಅದನ್ನು ತಲೆಗೆ ಕಟ್ಟಿಕೊಂಡಳು. ಒಂದೇ ಗಾಲಿಯ ಗ್ಲೈಡರು ವಾಲದ ಹಾಗೆ ಯಾರಾದರೂ ರೆಕ್ಕೆಯ ತುದಿ ಹಿಡಿದು ಓಡಬೇಕಿತ್ತು. ಗುರುನಾಥ ಹೋಗಿ ಹಿಡಿದ. ದೂರದಲ್ಲಿ ಬಾವುಟ ಬೀಸಿತು, ಹಗ್ಗ ಬಿಗಿಯಾಯಿತು, ಅವನು ಓಡಿದ. ಅಂಗೈಯಲ್ಲಿ ರೆಕ್ಕೆಗೆ ಜೀವ ಬಂದದ್ದು ತಿಳಿಯಿತು. ಇಷ್ಟು ಹೊತ್ತು ಅವನು ಅದನ್ನು ಹೊತ್ತಿದ್ದ, ಈಗ ಅದೇ ಅವನ ಕೈಯನ್ನು ಮೇಲಕ್ಕೆ ಎಳೆಯುತ್ತಿತ್ತು. ಕೈ ಬಿಟ್ಟುಹೋಯಿತು. ಎಡವಿ ಮೊಣಕಾಲೂರಿ ಬಿದ್ದ. ತಲೆಯೆತ್ತಿದಾಗ ಗ್ಲೈಡರಿನ ಬಿಳಿಯ ಹೊಟ್ಟೆ ಅವನ ಮೇಲಿನಿಂದ ಏರಿಹೋಗುತ್ತಿತ್ತು, ಆ ತೆಳು ಹಲಗೆಯ ಇನ್ನೊಂದು ಬದಿಯಲ್ಲಿ ಅವಳು ಕೂತಿದ್ದಳು. ಇಷ್ಟು ವರ್ಷ ಅವನ ಲೆಕ್ಕದಲ್ಲಿ ಆ ಸೀಟಿನಲ್ಲಿ ಕೂತದ್ದು ಒಂದು ಭಾರ, ಕೆಳಮುಖವಾದ ಒಂದು ಬಾಣದ ಗುರುತು. ಈಗ ಅದಕ್ಕೆ ಕಣ್ಣಿದ್ದವು, ಹಸಿವೆಯಿತ್ತು, ಮನೆಯಲ್ಲಿ ಬಿಟ್ಟುಬಂದ ಮಗಳಿದ್ದಳು. ಹಗ್ಗ ಕಳಚಿ ಬಿತ್ತು. ಅವನು ಮಣ್ಣಿನಲ್ಲಿ ಹಾಗೇ ಕೂತು ತೊಲೆಯಿಂದ ತೊಲೆಗೆ, ಪಕ್ಕೆಲುಬಿನಿಂದ ಪಕ್ಕೆಲುಬಿಗೆ, ಮೊಳೆಯಿಂದ ಮೊಳೆಗೆ ಮನಸ್ಸಿನಲ್ಲೇ ಓಡಾಡಿದ; ಪ್ರತಿಯೊಂದನ್ನೂ ಮುಟ್ಟಿ, ಹಿಡಿ, ಹಿಡಿದುಕೋ ಎಂದ. ತನಗಾಗಿ ಹೀಗೆ ಎಂದೂ ಅಂಜಿರಲಿಲ್ಲ. ಮೇಲೆ ಅದು ಯಾವ ಅವಸರವೂ ಇಲ್ಲದೆ ದೊಡ್ಡ ಸುತ್ತು ತಿರುಗುತ್ತಿತ್ತು. ಆದಪ್ಪ ಬಂದು ಪಕ್ಕದಲ್ಲಿ ಕೂತ. "ನೀವು ಒಳಗ ಕುಂತಿದ್ರೂ ಇಷ್ಟ ಬೆವರತಿದ್ದಿಲ್ಲ ನೋಡ್ರಿ ಮಾಸ್ತರ" ಎಂದ, ಎಷ್ಟೋ ತಿಂಗಳ ಮೇಲೆ.

ಗ್ಲೈಡರು ಮಾಳದ ತುದಿಯಲ್ಲಿ ಇಳಿದು, ಧೂಳೆಬ್ಬಿಸುತ್ತ ಓಡಿ ನಿಂತಿತು. ಜನ ಓಡಿದರು. ಗುರುನಾಥ ತಲುಪುವ ಹೊತ್ತಿಗೆ ನರ್ಮದಾ ಇಳಿದು ಹೆಂಗಸರ ನಡುವೆ ನಿಂತಿದ್ದಳು, ಕೆನ್ನೆ ಕೆಂಪಾಗಿ, ಕಣ್ಣಲ್ಲಿ ನೀರಾಡುತ್ತ. ಬಾಪೂಸಾಹೇಬರು ಹಾರ ಹಾಕಿದ್ದು ಅವಳಿಗೆ.

ಮರಳುವಾಗ ಕಾರಖಾನೆಯ ಲಾರಿಯಲ್ಲಿ ಡ್ರೈವರನ ಪಕ್ಕದಲ್ಲಿ ಅವರಿಬ್ಬರಿಗೆ ಜಾಗ ಕೊಟ್ಟರು. ಬಹಳ ದೂರ ಬಂದ ಮೇಲೆ ಅವನು ಹೇಳಿದ. "ನನಗ ಅಂಜಿಕಿ ಬಂತು."

"ಗೊತ್ತದರಿ."

"ನನ್ನ ಮಾನ ಉಳಿಸಲಿಕ್ಕೆ ಹತ್ತಿದೇನು?"

ಅವಳು ನಕ್ಕಳು. "ಅದು ಅಷ್ಟೊತ್ತಿಗೆ ಹೋಗಿತ್ತಲ್ಲರಿ. ನನಗ ಹೋಗಬೇಕಿತ್ತು. ಮೊದಲ ಅರಿವಿ ಹೊಲ್ಯಾಕತ್ತಿದಾಗಿಂದೂ."

"ಹೇಳಲೇ ಇಲ್ಲ ನೀ."

"ನೀವು ಕೇಳಿದ್ರೇನು?"

ಲಾರಿ ಕುಲುಕುತ್ತ ಸಾಗಿತು. ಅವನಿಗೆ ಕೇಳಬೇಕಾದದ್ದು ಒಂದೇ ಇತ್ತು, ಆದರೆ ಕೇಳುವ ಹಕ್ಕು ತನಗಿದೆಯೇ ಎಂದು ತಿಳಿಯಲಿಲ್ಲ. ಕೊನೆಗೆ ಕೇಳಿಯೇಬಿಟ್ಟ. "ಹೆಂಗಿತ್ತು?"

ನರ್ಮದಾ ಅಂಗೈಯನ್ನು ಮುಂದೆ ಚಾಚಿ, ನಿಧಾನವಾಗಿ ಒಂದು ಬದಿಗೆ ವಾಲಿಸಿದಳು, ಅಲ್ಲೇ ಸ್ವಲ್ಪ ಹೊತ್ತು ಹಿಡಿದಳು. ಆಮೇಲೆ ಕೈ ಮಡಿಲಿಗೆ ಇಳಿಯಿತು. "ಹೇಳಾಕ ಬರವಲ್ದು" ಎಂದಳು. ಇನ್ನೂ ಸ್ವಲ್ಪ ಯೋಚಿಸಿದಳು. "ಮ್ಯಾಲೆ ಹೋದ ಮ್ಯಾಲೆ ನನಗ ನಿಮ್ಮ ನೆನಪ ಇದ್ದಿಲ್ಲರಿ. ಇದು ಮರದ್ದು, ಇದನ್ನ ಯಾರೋ ಮಾಡ್ಯಾರ, ಮುರೀಬಹುದು, ಏನೂ ನೆನಪಾಗಲಿಲ್ಲ. ಅಷ್ಟು ಗಟ್ಟಿ ಇತ್ತು."

ಗುರುನಾಥ ಆ ಮಾತನ್ನು ಹಿಡಿದುಕೊಂಡು ಕೂತ. ನೋಯಬೇಕಿದ್ದ ಮಾತು, ನೋಯಲಿಲ್ಲ. ಮುಂದೆ ದಾರಿ ತುಂಬ ಕಬ್ಬು ಹೇರಿದ ಚಕ್ಕಡಿಗಳು ಕಾರಖಾನೆಯ ಕಡೆ ಸಾಲುಗಟ್ಟಿ ಹೊರಟಿದ್ದವು. ಡ್ರೈವರು ಹಾರ್ನ್ ಹೊಡೆಯಲಿಲ್ಲ. ಗೇರು ಇಳಿಸಿ ಎತ್ತುಗಳ ಹಿಂದೆ, ಎತ್ತುಗಳ ನಡಿಗೆಯಲ್ಲೇ ಲಾರಿಯನ್ನು ಬಿಟ್ಟ. ನರ್ಮದಾ ಕಿಟಕಿಯ ಹೊರಗೆ ತಲೆ ಚಾಚಿ ಮೇಲೆ ಏನನ್ನೋ ನೋಡುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ. ಅವಳು ನೋಡುವುದು ಮುಗಿಯಲಿ ಎಂದು ಅವನು ಸುಮ್ಮನೆ ಕಾದ.